ಯೇಲ್ ಮನೆತನದ ಬುಡದಲ್ಲಿ ನಿಂತ ಆನ್

ಕೊಡಗಿನಲ್ಲಿ ವಂಶವೃಕ್ಷ ಬರೆಯುವುದು ಬಿಡುವಿನ ವೇಳೆಯ ಹವ್ಯಾಸವಲ್ಲ. ಜಮ್ಮಾ ಭೂಮಿಯ (ವಂಶಪಾರಂಪರ್ಯದ ಹಿಡುವಳಿಯ) ದಾಖಲೆಗಳು ತಲೆತಲಾಂತರದಿಂದ ಒಕ್ಕದ (ಒಂದೇ ಮೂಲದ ಕೊಡವ ಮನೆತನದ) ಪಟ್ಟೆದಾರರ, ಅಂದರೆ ಯಜಮಾನರ, ಹೆಸರಿನಲ್ಲಿ ನಡೆದುಬಂದಿರುವುದರಿಂದ, ಹಿಸ್ಸೆಯ ಪ್ರಶ್ನೆ ಎದ್ದಾಗಲೆಲ್ಲ ಯಾರು ಯಾರ ಮಗ, ಯಾವ ಕವಲು ಎಲ್ಲಿ ಒಡೆಯಿತು ಎಂಬುದನ್ನು ಕಾಗದದ ಮೇಲೆ ತೋರಿಸಬೇಕಾಗುತ್ತದೆ. ಹೀಗಾಗಿ ನಮ್ಮ ಐನ್‌ಮನೆಗಳಲ್ಲಿ (ಒಕ್ಕದ ಮೂಲಮನೆಗಳಲ್ಲಿ) ವಂಶವೃಕ್ಷದ ಒಂದು ಪ್ರತಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕಾರೋಣರಿಗೆ (ಪೂರ್ವಜರಿಗೆ) ಎಡೆಯಿಡುವ ದಿನ ಕೂಡಿದ ಹಿರಿಯರು ಅದನ್ನು ಬಿಡಿಸಿ ನೋಡಿ, ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರನ್ನು ಸೇರಿಸುವುದೂ ಉಂಟು. ಆ ಹಾಳೆಗಳಲ್ಲಿ ನಾನು ಚಿಕ್ಕಂದಿನಿಂದ ಗಮನಿಸುತ್ತ ಬಂದ ಸಂಗತಿಯೊಂದಿದೆ. ಅಲ್ಲಿ ಗೆರೆಗಳು ತಂದೆಯಿಂದ ಮಗನಿಗೆ ಮಾತ್ರ ಇಳಿಯುತ್ತವೆ. ಒಕ್ಕಕ್ಕೆ ಬಂದ ಸೊಸೆಯರು ಒಂದೆರಡು ತಲೆಮಾರಿನ ಹಿಂದಕ್ಕೆ ಹೋದರೆ ಹೆಸರಿಲ್ಲದೆ ಮರೆಯಾಗುತ್ತಾರೆ, ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳು ಹುಟ್ಟಿಯೇ ಇರಲಿಲ್ಲವೇನೋ ಎಂಬಂತೆ ಬಿಟ್ಟುಹೋಗಿರುತ್ತಾರೆ.

ಇತಿಹಾಸ ಕಲಿಸಿ ನಿವೃತ್ತಳಾದ ನನಗೆ ಈ ಸಂಗತಿ ಮತ್ತೆ ಬಲವಾಗಿ ಕಾಡಿದ್ದು, ನಮ್ಮ ಒಕ್ಕಕ್ಕೂ ನಮ್ಮ ನಾಡಿಗೂ ಯಾವ ಸಂಬಂಧವೂ ಇಲ್ಲದ ಹದಿನೇಳನೆಯ ಶತಮಾನದ ಒಂದು ಪ್ಯೂರಿಟನ್ ಮನೆತನದ ಮೂಲವನ್ನು ಹುಡುಕಲು ಹೊರಟಾಗ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರದಲ್ಲಿ ನೆಲೆಸಿರುವ ನನ್ನ ಅಣ್ಣನ ಮಗಳು ಒಂದು ಸಂಜೆ ಫೋನಿನಲ್ಲಿ, "ಮಾವಿ, ನಮ್ಮ ಪಕ್ಕದ ಮನೆಯ ಅಜ್ಜಿ ಯೇಲ್ ಮನೆತನದವರು. ಅವರ ವಂಶದ ಒಬ್ಬರು ಮದ್ರಾಸಿನಲ್ಲಿ ಗವರ್ನರ್ ಆಗಿದ್ದರಂತೆ. ಆ ಕಡೆಯ ದಾಖಲೆಯಲ್ಲಿ ಏನಿದೆ ಎಂದು ನೀವು ನೋಡಿಕೊಡುತ್ತೀರಾ?" ಎಂದು ಕೇಳಿದಳು. ಜೊತೆಗೆ ಆ ಹಿರಿಯರ ಮನೆಯಲ್ಲಿದ್ದ ಕೈಬರಹದ ವಂಶಾವಳಿಯ ಚಿತ್ರವನ್ನೂ ಕಳುಹಿಸಿದಳು. ಹಾಳೆಯ ಮೇಲ್ತುದಿಯಲ್ಲಿ ವಲಸೆ ಬಂದ ಮೂಲಪುರುಷನೆಂದು ಥಾಮಸ್ ಯೇಲ್ ಹೆಸರಿತ್ತು, ಅವನ ಅಣ್ಣ ಡೇವಿಡ್‌ನ ಹೆಸರು ಪಕ್ಕದಲ್ಲಿತ್ತು. ಅವರ ತಾಯಿಯ ಜಾಗದಲ್ಲಿ ಆನ್ ಎಂಬ ಒಂದೇ ಪದವಿತ್ತು. ನಮ್ಮ ಐನ್‌ಮನೆಯ ಹಾಳೆಯನ್ನೇ ಬೇರೊಂದು ಲಿಪಿಯಲ್ಲಿ ನೋಡಿದಂತಾಯಿತು. ಅಂದಿನಿಂದ ನಾನು ಹುಡುಕಿದ್ದು ಮುಖ್ಯವಾಗಿ ಆ ಆನ್ ಎಂಬಾಕೆಯನ್ನು.

ಮೊದಲು ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಇಂಗ್ಲೆಂಡಿನ ಅಧಿಕೃತ ಚರ್ಚಿನಲ್ಲಿ ಕ್ಯಾಥೊಲಿಕ್ ಆಚರಣೆಗಳ ಉಳಿಕೆ ಹೆಚ್ಚಾಗಿದೆ, ಅದನ್ನು ಬೈಬಲ್ಲಿನ ಪ್ರಕಾರ ಶುದ್ಧಗೊಳಿಸಬೇಕು ಎಂದು ಹಟ ಹಿಡಿದವರು ಪ್ಯೂರಿಟನ್ನರು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಪ್ಲಿಮತ್‌ಗೆ ಬಂದವರು ಆ ಚರ್ಚಿನಿಂದ ಪೂರ್ತಿಯಾಗಿ ಹೊರನಡೆದಿದ್ದ ಒಂದು ಚಿಕ್ಕ ಗುಂಪು. 1630ರಲ್ಲಿ ಜಾನ್ ವಿಂತ್ರಾಪ್‌ನ ನೇತೃತ್ವದಲ್ಲಿ ಮ್ಯಾಸಚೂಸೆಟ್ಸ್ ಕೊಲ್ಲಿಗೆ ಬಂದ ಹಡಗುಗಳ ಸಾಲಿನಿಂದ ದೊಡ್ಡ ವಲಸೆ ಶುರುವಾಯಿತು. ಮುಂದಿನ ಸುಮಾರು ಹತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ 20,000 ಜನ ನ್ಯೂ ಇಂಗ್ಲೆಂಡಿಗೆ ಬಂದರೆಂದು ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಇವರು ಒಂಟಿ ಸಾಹಸಿಗಳಲ್ಲ. ಹೆಂಡತಿ, ಮಕ್ಕಳು, ಮುದಿ ತಾಯಂದಿರು, ಆಳುಗಳನ್ನು ಕಟ್ಟಿಕೊಂಡು ಇಡೀ ಸಂಸಾರವಾಗಿ ಹಡಗು ಹತ್ತಿದವರು. ಎಲ್ಲರೂ ಬೈಬಲ್ ಓದಬೇಕೆಂಬ ನಂಬಿಕೆಯಿಂದಾಗಿ ಅವರಲ್ಲಿ ಓದು ಬಲ್ಲವರು ಹೆಚ್ಚಿದ್ದರು, ಊರಿನ ವ್ಯವಹಾರವನ್ನೆಲ್ಲ ಬರೆದಿಡುವ ರೂಢಿಯೂ ಇತ್ತು. ಅಷ್ಟು ಹಳೆಯ ಕಾಲದ ಸಾಮಾನ್ಯ ಜನರ ಸುಳಿವು ಇಂದಿಗೂ ಸಿಗುತ್ತದೆಂದರೆ ಅದಕ್ಕೆ ಈ ರೂಢಿಯೇ ಕಾರಣ. 1845ರಲ್ಲಿ ಬಾಸ್ಟನ್ನಿನಲ್ಲಿ ಸ್ಥಾಪನೆಯಾದ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ ಈ ದಾಖಲೆಗಳನ್ನು ಒಟ್ಟುಗೂಡಿಸುತ್ತ ಬಂದಿದೆ. ಮಡಿಕೇರಿಯ ಮಳೆಗಾಲದಲ್ಲಿ ಮನೆಯಿಂದ ಕದಲದೆ ನನ್ನಂಥವಳೂ ಆ ಕಾಲದ ಬರಹಗಳ ಅಚ್ಚಿನ ಪ್ರತಿಗಳನ್ನು ಓದಲು ಸಾಧ್ಯವಾದದ್ದು ಇಂಥ ಶ್ರಮದಿಂದಲೇ.

ಈ ದಾಖಲೆಗಳನ್ನು ಓದುವವರು ಮೊದಲು ತಿಳಿದುಕೊಳ್ಳಬೇಕಾದದ್ದು ದಿನಾಂಕಗಳ ರೀತಿ. 1752ರವರೆಗೆ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ರಂದು. ಹಾಗಾಗಿ ಜನವರಿ, ಫೆಬ್ರವರಿ ಮತ್ತು ಮಾರ್ಚಿನ ಬಹುಭಾಗ ಹಿಂದಿನ ವರ್ಷಕ್ಕೇ ಸೇರುತ್ತಿತ್ತು. ಗೊಂದಲ ತಪ್ಪಿಸಲು 1657/8 ಎಂದು ಎರಡು ವರ್ಷಗಳನ್ನು ಜೋಡಿಸಿ ಬರೆಯುತ್ತಾರೆ. ಇದರ ಮೇಲೆ ಪ್ಯೂರಿಟನ್ನರಿಗೆ ತಿಂಗಳುಗಳ ರೋಮನ್ ಹೆಸರುಗಳು ಅನ್ಯದೇವತೆಗಳ ನೆನಪೆಂದು ಹಿಡಿಸುತ್ತಿರಲಿಲ್ಲ. ಅವರು ಮಾರ್ಚನ್ನು ಮೊದಲನೆಯ ತಿಂಗಳೆಂದು ಎಣಿಸಿ ಸಂಖ್ಯೆಯಿಂದಲೇ ಬರೆಯುತ್ತಿದ್ದರು. ಹಾಗಾಗಿ ಎರಡನೆಯ ತಿಂಗಳು ಎಂದರೆ ಏಪ್ರಿಲ್, ಹನ್ನೊಂದನೆಯ ತಿಂಗಳು ಎಂದರೆ ಜನವರಿ. ಎಡಮ್ಯಾರ್ ತಿಂಗಳಿನಿಂದ ವರ್ಷವನ್ನು ಎಣಿಸಿ, ಮಳೆಗಾಲದ ಕಕ್ಕಡ ತಿಂಗಳು ಯಾವಾಗ ಬರುತ್ತದೆಂದು ಬೇರೆಯೇ ಲೆಕ್ಕ ಇಟ್ಟುಕೊಳ್ಳುವ ನಮಗೆ ಇದು ಅಷ್ಟೇನೂ ಕಷ್ಟವಲ್ಲ. ಆದರೆ ಇದನ್ನು ತಿಳಿಯದೆ ದಾಖಲೆ ಓದಿದರೆ ಮದುವೆಗಿಂತ ಮೊದಲೇ ಮಗು ಹುಟ್ಟಿದಂತೆಯೂ ಸತ್ತ ಮೇಲೆ ಉಯಿಲು ಬರೆದಂತೆಯೂ ಕಾಣುತ್ತದೆ.

ಆನ್ ಹುಟ್ಟಿದ ಮನೆ ಸಾಮಾನ್ಯವಾದದ್ದಲ್ಲ. ಆಕೆಯ ತಂದೆ ಜಾರ್ಜ್ ಲಾಯ್ಡ್ 1605ರಿಂದ 1615ರವರೆಗೆ ಚೆಸ್ಟರ್ ನಗರದ ಬಿಷಪ್ ಆಗಿದ್ದವನು. ಅವನ ಹೆಸರಿನ ಮರದ ಕೆತ್ತನೆಯ ಮನೆಯೊಂದು ಇಂದಿಗೂ ಆ ಊರಿನಲ್ಲಿ ನಿಂತಿದೆ. ಆಕೆಯನ್ನು ವೇಲ್ಸ್ ನಾಡಿನ ರೆಕ್ಸ್‌ಹ್ಯಾಮ್ ಬಳಿಯ ಪ್ಲಾಸ್ ಗ್ರೋನೊ ಎಂಬ ಜಹಗೀರಿನ ಥಾಮಸ್ ಯೇಲ್‌ಗೆ ಕೊಟ್ಟು ಮದುವೆ ಮಾಡಲಾಯಿತು. ಅವನು 1619ರಲ್ಲಿ ತೀರಿಕೊಂಡಾಗ ಆನ್, ಡೇವಿಡ್, ಥಾಮಸ್ ಎಂಬ ಮೂವರು ಚಿಕ್ಕ ಮಕ್ಕಳು ಆಕೆಯ ಮಡಿಲಲ್ಲಿದ್ದರು. ಹಲವು ವರ್ಷಗಳ ನಂತರ ಆಕೆ ಲಂಡನ್ನಿನ ವ್ಯಾಪಾರಿ ಥಿಯೋಫಿಲಸ್ ಈಟನ್‌ನನ್ನು ಮರುಮದುವೆಯಾದಳು. ಬಾಲ್ಟಿಕ್ ಸಮುದ್ರದ ವ್ಯಾಪಾರದಲ್ಲಿ ಹೆಸರು ಮಾಡಿದ್ದ, ಡೆನ್ಮಾರ್ಕಿನಲ್ಲಿ ಇಂಗ್ಲೆಂಡಿನ ಅರಸನ ಪರವಾಗಿ ಕೆಲಸ ಮಾಡಿದ್ದ ಈಟನ್ ಕೂಡ ಹೆಂಡತಿಯನ್ನು ಕಳೆದುಕೊಂಡವನಾಗಿದ್ದ, ಅವನಿಗೂ ಒಬ್ಬ ಮಗಳಿದ್ದಳು. ನಮ್ಮ ಕಡೆ ಕೂಡಾವಳಿ ಎಂಬ ಮರುಮದುವೆಯಾದ ವಿಧವೆಯ ಮೊದಲ ಗಂಡನ ಮಕ್ಕಳು ಹೇಗೆ ತಂದೆಯ ಒಕ್ಕದ ಹೆಸರಿನಲ್ಲೇ ಮುಂದುವರಿಯುತ್ತಾರೋ ಹಾಗೆಯೇ ಈ ಮೂವರು ಮಕ್ಕಳು ಈಟನ್‌ನ ಮನೆಯಲ್ಲಿ ಬೆಳೆದರೂ ಯೇಲ್ ಎಂದೇ ಉಳಿದರು. ಕೂಡಾವಳಿಯನ್ನು ಕಂಡ ಯಾವ ಕೊಡಗಿನ ಮನೆಯವರಿಗೂ ಇದರ ತಾತ್ಪರ್ಯ ತಟ್ಟನೆ ಹೊಳೆಯುತ್ತದೆ. ಯೇಲ್ ಎಂಬ ಹೆಸರು ಅಮೆರಿಕಕ್ಕೆ ಹೋದದ್ದು ಯಾವ ಯೇಲ್ ಗಂಡಸಿನ ನಿರ್ಧಾರದಿಂದಲೂ ಅಲ್ಲ, ಆ ಮನೆತನದ ವಿಧವೆಯೊಬ್ಬಳು ಇನ್ನೊಂದು ಮನೆಗೆ ಹೋದದ್ದರಿಂದ.

ಈಟನ್‌ನ ಬಾಲ್ಯದ ಗೆಳೆಯ ಜಾನ್ ಡೇವನ್‌ಪೋರ್ಟ್ ಲಂಡನ್ನಿನ ಕೋಲ್ಮನ್ ಬೀದಿಯ ಸೇಂಟ್ ಸ್ಟೀಫನ್ ಚರ್ಚಿನ ಪಾದ್ರಿಯಾಗಿದ್ದ. ಆರ್ಚ್‌ಬಿಷಪ್ ವಿಲಿಯಂ ಲಾಡ್‌ನ ಕಾಲದಲ್ಲಿ ಪ್ಯೂರಿಟನ್ ಪಾದ್ರಿಗಳ ಮೇಲೆ ಒತ್ತಡ ಹೆಚ್ಚಾದಾಗ ಇವರಿಬ್ಬರೂ ಸೇರಿ ಜನರನ್ನು ಕೂಡಿಸಿ, ಹೆಕ್ಟರ್ ಎಂಬ ಹಡಗಿನಲ್ಲಿ 1637ರ ಜೂನ್ ತಿಂಗಳಲ್ಲಿ ಬಾಸ್ಟನ್ ತಲುಪಿದರು. ಮುಂದಿನ ವರ್ಷ ಇನ್ನೂ ದಕ್ಷಿಣಕ್ಕೆ ಹೋಗಿ ಕ್ವಿನಿಪಿಯಾಕ್ ಜನರ ನೆಲದಲ್ಲಿ ಒಂಬತ್ತು ಚೌಕಗಳಾಗಿ ಅಳೆದು ಊರು ಕಟ್ಟಿದರು. ಅದೇ ನ್ಯೂ ಹೇವನ್. 1638ರ ನವೆಂಬರಿನಲ್ಲಿ ಆ ಜನರ ಮುಖಂಡ ಮೊಮಾಗಿನ್ ಜೊತೆ ಒಪ್ಪಂದವಾಯಿತು. ಅದರ ಪ್ರಕಾರ ನೆಲದ ಮೂಲ ಒಡೆಯರೇ ಬಂದರಿನ ಪೂರ್ವದ ಒಂದು ತುಂಡು ಜಾಗಕ್ಕೆ ಸೀಮಿತರಾದರು. ಬಾಣೆ (ಗದ್ದೆಗೆ ಸೇರಿದ ಕಾಡುನೆಲ), ದೇವರಕಾಡು, ಗದ್ದೆ ಎಂದು ನೆಲದ ಒಂದೊಂದು ತುಂಡಿಗೂ ಹಕ್ಕಿನ ಲೆಕ್ಕವಿಟ್ಟುಕೊಂಡು ಬದುಕಿದ ನಾಡಿನವಳಾಗಿ, ವಂಶಾವಳಿಯ ಹಾಳೆಯಲ್ಲಿ 'ಊರಿನ ಸ್ಥಾಪಕರು' ಎಂದು ಬರೆದ ಕಡೆಯೆಲ್ಲ ಈ ಒಪ್ಪಂದವನ್ನೂ ಒಂದು ಸಾಲಿನಲ್ಲಾದರೂ ಬರೆಯಬೇಕೆಂದು ನನಗೆ ಅನಿಸುತ್ತದೆ.

ನ್ಯೂ ಹೇವನ್ ಪ್ಯೂರಿಟನ್ ವಸಾಹತುಗಳಲ್ಲೇ ಕಟ್ಟುನಿಟ್ಟಾದದ್ದು. ಚರ್ಚಿನ ಸದಸ್ಯರಾದ ಗಂಡಸರಿಗೆ ಮಾತ್ರ ಮತದ ಹಕ್ಕು, ಬೈಬಲ್ಲೇ ಕಾನೂನು, ಜ್ಯೂರಿ ಪದ್ಧತಿಯೂ ಇಲ್ಲ. ಈಟನ್ ಅದರ ಗವರ್ನರ್ ಆಗಿ ಆಯ್ಕೆಯಾಗುತ್ತ ಸಾಯುವವರೆಗೂ ಆ ಸ್ಥಾನದಲ್ಲಿದ್ದ. ಮೂವತ್ತರಷ್ಟು ಜನ ಉಣ್ಣುತ್ತಿದ್ದ ದೊಡ್ಡ ಮನೆ ಅವನದು. ಅವನ ತಾಯಿ, ಮೊದಲ ಹೆಂಡತಿಯ ಮಗಳು, ಯೇಲ್ ಮಕ್ಕಳು, ಆನ್‌ಗೆ ಈಟನ್‌ನಿಂದ ಹುಟ್ಟಿದ ಮಕ್ಕಳು, ಕೆಲಸದ ಹುಡುಗಿಯರು, ಗುಲಾಮರಾಗಿದ್ದ ಆಫ್ರಿಕದವರು ಎಲ್ಲರೂ ಒಂದೇ ಸೂರಿನಡಿ ಇದ್ದರು. ಅಷ್ಟು ಜನರ ಮನೆಯ ಯಜಮಾನಿಕೆ ಆನ್‌ಳ ತಲೆಯ ಮೇಲೆ ಬಿದ್ದಿತ್ತು.

ಆಕೆಯ ಹೆಸರು ದಾಖಲೆಯಲ್ಲಿ ವಿವರವಾಗಿ ಬರುವುದು 1644ರಲ್ಲಿ, ಅದೂ ಆರೋಪಿಯಾಗಿ. ಮ್ಯಾಸಚೂಸೆಟ್ಸನ್ನು ತೊರೆದು ಲಾಂಗ್ ಐಲೆಂಡಿನಲ್ಲಿ ನೆಲೆಸಿದ ಲೇಡಿ ಡೆಬೊರಾ ಮೂಡಿ ಎಂಬ ಧೀಮಂತೆಯಿಂದ ಆನ್ ಒಂದು ಪುಸ್ತಕ ಪಡೆದು ಓದಿದ್ದಳು. ಹಸುಗೂಸುಗಳಿಗೆ ಬ್ಯಾಪ್ಟಿಸಮ್ (ನೀರಿನಿಂದ ಕೊಡುವ ಕ್ರೈಸ್ತ ದೀಕ್ಷೆ) ಮಾಡುವುದಕ್ಕೆ ಬೈಬಲ್ಲಿನಲ್ಲಿ ಆಧಾರವಿಲ್ಲ, ತಿಳಿವಳಿಕೆ ಬಂದು ನಂಬಿದವರಿಗೆ ಮಾತ್ರ ಅದು ಸಲ್ಲಬೇಕು ಎಂದು ವಾದಿಸಿದ ಪುಸ್ತಕವದು. ಓದಿ ಮನವರಿಕೆಯಾದ ಮೇಲೆ ಆಕೆ ಚರ್ಚಿನಲ್ಲಿ ಆ ಸಂಸ್ಕಾರದ ಹೊತ್ತಿಗೆ ಎದ್ದು ಹೊರಗೆ ಹೋಗತೊಡಗಿದಳು. ಗವರ್ನರನ ಹೆಂಡತಿ, ಇಡೀ ಊರು ಕೂತಿರುವಾಗ, ಎದ್ದು ಹೊರನಡೆಯುವುದೆಂದರೆ ಅಂದಿನ ನ್ಯೂ ಹೇವನ್ನಿನಲ್ಲಿ ಎಂಥ ಮಾತಾಗಿರಬೇಕೆಂದು ಊಹಿಸಬಹುದು.

ಡೇವನ್‌ಪೋರ್ಟ್ ಆ ಪುಸ್ತಕಕ್ಕೆ ಪ್ರವಚನದಲ್ಲೂ ಬರಹದಲ್ಲೂ ಉತ್ತರ ಕೊಟ್ಟ, ಆಕೆ ಒಪ್ಪಲಿಲ್ಲ. ಅಷ್ಟರ ಮೇಲೆ ಚರ್ಚಿನವರು ಹಿಡಿದ ದಾರಿಯೇ ಬೇರೆ. ನಂಬಿಕೆಯ ವಿಷಯವನ್ನು ಬದಿಗಿಟ್ಟು ಮನೆಯೊಳಗಿನ ಜಗಳಗಳನ್ನು ಕೆದಕಿ, ದಶಾಜ್ಞೆಗಳ ಉಲ್ಲಂಘನೆಯೆಂದು ಒಂದೊಂದಾಗಿ ಪಟ್ಟಿ ಮಾಡಿದರು. ಊಟದ ಮೇಜಿನ ಬಳಿ ಅತ್ತೆಯ ಮುಖಕ್ಕೆ ಹೊಡೆದಳು, ಮಲಮಗಳನ್ನು ಚಿವುಟಿ ನೋಯಿಸಿದಳು, ಕೆಲಸದವರ ಮೇಲೆ ಸುಳ್ಳು ಆಪಾದನೆ ಹೊರಿಸಿದಳು ಎಂದು ಮನೆಯ ಆಳುಗಳನ್ನು ಕರೆದು ಸಾಕ್ಷಿ ಹೇಳಿಸಿದರು. ಮೊದಲು ಎಚ್ಚರಿಕೆ ಕೊಟ್ಟು, ಆಕೆ ತಪ್ಪೊಪ್ಪಿಗೆಯ ಮಾತು ಆಡದಿದ್ದಾಗ 1645ರಲ್ಲಿ ಬಹಿಷ್ಕಾರ ಹಾಕಿದರು. ಈ ವಿಚಾರಣೆಯ ಬರಹವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಆಕೆ ಕೈಮಾಡಿದ್ದು ನಿಜವೇ ಇರಬಹುದು; ಆ ಮನೆಯಲ್ಲಿ ಆಕೆಯ ಕೈಯಿಂದ ನೊಂದವರ ಪಾಡನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅಷ್ಟು ಕಾಲ ಯಾರಿಗೂ ಬೇಡವಾಗಿದ್ದ ಆ ಜಗಳಗಳು, ಆಕೆ ಒಂದು ಪುಸ್ತಕ ಓದಿ ತನ್ನದೇ ತೀರ್ಮಾನಕ್ಕೆ ಬಂದ ಮೇಲೆ ಮಾತ್ರ ಚರ್ಚಿನ ಕಡತಕ್ಕೆ ಏರಿದವು ಎಂಬುದನ್ನು ಮರೆಯಲಾಗದು. ವಂಶಾವಳಿಯಲ್ಲಿ ಆಕೆಗೆ ಸಿಕ್ಕಿದ್ದು ಒಂದು ಪದ. ಆಪಾದನೆಯ ಕಡತದಲ್ಲಿ ಆಕೆಯ ಮನೆಯ ಊಟದ ಮೇಜು, ನೆರೆಮನೆಯವರು, ಆಕೆಯ ಕೋಪ, ಆಕೆಯ ಮೌನ ಎಲ್ಲವೂ ಇವೆ. ಹಳೆಯ ಕಾಲದ ಹೆಂಗಸರನ್ನು ಹುಡುಕುವವರಿಗೆ ನಾನು ಮೊದಲು ತೋರಿಸುವುದು ಇಂಥ ವ್ಯಾಜ್ಯದ ಕಡತಗಳನ್ನೇ.

ಅದೇ 1645ರ ಏಪ್ರಿಲಿನಲ್ಲಿ ಬಾಸ್ಟನ್ನಿನಲ್ಲಿ ವಿಂತ್ರಾಪ್ ತನ್ನ ದಿನಚರಿಯಲ್ಲಿ ಇನ್ನೊಬ್ಬ ಹೆಂಗಸಿನ ಬಗ್ಗೆ ಬರೆದ. ಅವಳು ಆನ್‌ಳ ಮಗಳು, ತಾಯಿಯ ಹೆಸರನ್ನೇ ಹೊತ್ತ ಆನ್ ಯೇಲ್. ಕನೆಕ್ಟಿಕಟ್ ವಸಾಹತಿನ ಗವರ್ನರ್ ಎಡ್ವರ್ಡ್ ಹಾಪ್ಕಿನ್ಸ್ ಅವಳನ್ನು ಮದುವೆಯಾಗಿದ್ದ. ಅವಳಿಗೆ ಬುದ್ಧಿಭ್ರಮಣೆಯಾಗಿದೆ, ಹಲವು ವರ್ಷಗಳಿಂದ ಓದು ಮತ್ತು ಬರಹದಲ್ಲೇ ಪೂರ್ತಿಯಾಗಿ ಮುಳುಗಿ ಎಷ್ಟೋ ಪುಸ್ತಕಗಳನ್ನು ಬರೆದದ್ದೇ ಇದಕ್ಕೆ ಕಾರಣ; ಮನೆಗೆಲಸ ನೋಡಿಕೊಂಡು, ಹೆಚ್ಚು ಗಟ್ಟಿ ಮನಸ್ಸಿನ ಗಂಡಸರಿಗೆ ತಕ್ಕ ವಿಷಯಗಳಲ್ಲಿ ಕೈಹಾಕದೆ ಇದ್ದಿದ್ದರೆ ಅವಳ ಬುದ್ಧಿ ನೆಟ್ಟಗೆ ಇರುತ್ತಿತ್ತು ಎಂಬುದು ವಿಂತ್ರಾಪ್‌ನ ತೀರ್ಪು. ದಶಕಗಳ ಕಾಲ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ನನಗೆ ಈ ಸಾಲುಗಳನ್ನು ಓದಿ ಆದ ಸಂಕಟ ಇನ್ನೂ ಮಾಸಿಲ್ಲ. ಅವಳು ಬರೆದ ಪುಸ್ತಕಗಳಲ್ಲಿ ಒಂದೂ ಉಳಿದಿಲ್ಲ, ಅವು ಅವಳನ್ನು ಕೆಡಿಸಿದವು ಎಂಬ ಮಾತು ಮಾತ್ರ ಉಳಿದಿದೆ.

ಅವಳ ಕತೆ ಅಲ್ಲಿಗೆ ಮುಗಿಯಲೂ ಇಲ್ಲ. ಗಂಡ ಹಾಪ್ಕಿನ್ಸ್ ಇಂಗ್ಲೆಂಡಿಗೆ ಮರಳಿ 1657ರಲ್ಲಿ ತೀರಿಕೊಂಡ. ಅವನ ಉಯಿಲನ್ನು ಓದಿದರೆ ಹೆಂಡತಿಯ ಮೇಲಿನ ಕಾಳಜಿ ಎದ್ದು ಕಾಣುತ್ತದೆ. ಅವಳ ಪೋಷಣೆಗೆ ವರ್ಷಕ್ಕೆ 150 ಪೌಂಡನ್ನು ಅವಳ ಸಹೋದರ ಡೇವಿಡ್ ಯೇಲ್‌ನ ಕೈಗೆ ಕೊಡಬೇಕೆಂದು ಬರೆದ. ನ್ಯೂ ಇಂಗ್ಲೆಂಡಿನ ವಿದ್ಯಾಲಯಗಳಿಗೂ ಆಸ್ತಿ ಬಿಟ್ಟು, ಅದರಲ್ಲಿ 500 ಪೌಂಡಿನ ಒಂದು ಭಾಗವನ್ನು ಹೆಂಡತಿ ತೀರಿಕೊಂಡ ನಂತರವೇ ಕಳುಹಿಸಬೇಕೆಂದು ಸೇರಿಸಿದ. ಮರುಳಾದಳೆಂದು ಬರೆಸಿಕೊಂಡ ಆ ಹೆಂಗಸು 1698ರವರೆಗೆ, ಅಂದರೆ ವಿಂತ್ರಾಪ್‌ನ ತೀರ್ಪಿನ ನಂತರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬದುಕಿದಳು. ನ್ಯೂ ಹೇವನ್ನಿನಲ್ಲಿ ಅವಳ ಗಂಡನ ಹೆಸರಿನ ಶಾಲೆ 1660ರಿಂದ ಇಂದಿನವರೆಗೂ ನಡೆಯುತ್ತಿದೆ. ನನ್ನ ಅಣ್ಣನ ಮಗಳು ದಿನವೂ ಅದರ ಹೆಸರಿನ ಫಲಕ ನೋಡಿಕೊಂಡು ಹೋಗುತ್ತಿದ್ದಳಂತೆ.

ತಾಯಿ ಆನ್‌ಳ ಗಂಡ ಥಿಯೋಫಿಲಸ್ ಈಟನ್ ತೀರಿಕೊಂಡದ್ದು 1657/8ರ ಜನವರಿ 7ರಂದು. ಆ ರಾತ್ರಿಯನ್ನು ಪಾದ್ರಿ ಕಾಟನ್ ಮ್ಯಾದರ್ 1702ರಲ್ಲಿ ಪ್ರಕಟವಾದ ತನ್ನ ಚರಿತ್ರೆಯಲ್ಲಿ ವರ್ಣಿಸಿದ್ದಾನೆ. ಆನ್ ಕಾಯಿಲೆಯಿಂದ ಮಲಗಿದ್ದಳು. ಈಟನ್ ಮನೆಮಂದಿಯನ್ನೆಲ್ಲ ಕೂಡಿಸಿ ಪ್ರಾರ್ಥನೆ ಮುಗಿಸಿ, ನಿಮ್ಮ ಒಡತಿಯನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಿ, ಊಟ ಮಾಡಿ, ಮಲಗುವ ಮುನ್ನ ಅವಳ ಕೋಣೆಗೆ ಬಂದ. ಮುಖ ಬಾಡಿದೆಯಲ್ಲ ಎಂದು ಅವಳು ಕೇಳಿದಳು. ಹಾರ್ಟ್‌ಫರ್ಡ್ ಚರ್ಚಿನಲ್ಲಿ ಎದ್ದಿರುವ ಒಡಕಿನ ಚಿಂತೆ ಎಂದು ಅವನು ಉತ್ತರಿಸಿದ. ಹಾಗಾದರೆ ನಮ್ಮ ಊರಿಗೇ ಮರಳಿ ಹೋಗೋಣ ಎಂದಳು. ನೀನು ಹೋಗಬಹುದು, ನಾನು ಇಲ್ಲೇ ಸಾಯುತ್ತೇನೆ ಎಂದ. ಅವಳು ಅವನ ಬಾಯಿಂದ ಕೇಳಿದ ಕೊನೆಯ ಮಾತು ಅದು. ಮ್ಯಾದರ್ ಇದನ್ನು ಬರೆದದ್ದು ಈಟನ್‌ನ ಹಿರಿಮೆಯನ್ನು ಹೇಳಲೆಂದು. ಬಹಿಷ್ಕಾರ ಹೊತ್ತ ಊರಿನಲ್ಲಿ ವರ್ಷಾನುಗಟ್ಟಲೆ ಬದುಕಿದ ಹೆಂಗಸು ಕೊನೆಗೂ ಬಾಯಿಬಿಟ್ಟು ಕೇಳಿದ ಒಂದು ಮಾತೂ ಆ ಹೊಗಳಿಕೆಯ ನಡುವೆ ಸೇರಿಕೊಂಡು ಉಳಿದಿರುವುದು ನನಗೆ ಹೆಚ್ಚಿನದಾಗಿ ಕಾಣುತ್ತದೆ. ಗಂಡ ತೀರಿಕೊಂಡ ಮೇಲೆ ಅವಳು ಇಂಗ್ಲೆಂಡಿಗೆ ಮರಳಿದಳು, 1659ರಲ್ಲಿ ಅಲ್ಲೇ ತೀರಿಕೊಂಡಳು.

ಇನ್ನು ಗಂಡುಮಕ್ಕಳು. ಕಿರಿಯ ಥಾಮಸ್ ಕನೆಕ್ಟಿಕಟ್‌ನಲ್ಲೇ ಉಳಿದು, ಕ್ಯಾಪ್ಟನ್ ನಥಾನಿಯಲ್ ಟರ್ನರ್‌ನ ಮಗಳು ಮೇರಿಯನ್ನು ಮದುವೆಯಾದ. ಈ ಟರ್ನರ್ 1646ರ ಜನವರಿಯಲ್ಲಿ ನ್ಯೂ ಹೇವನ್ನಿನ ವ್ಯಾಪಾರಿಗಳ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟವನು; ಆ ಹಡಗು ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ, ಮುಂದೆ ಅದು ಆಕಾಶದಲ್ಲಿ ತೇಲಿ ಕಂಡಿತೆಂಬ ಕತೆ ಊರಲ್ಲಿ ಹುಟ್ಟಿಕೊಂಡಿತು. ಇಂದು ಅಮೆರಿಕದಲ್ಲಿ ಹರಡಿರುವ ಯೇಲ್ ಮನೆಗಳು ಈ ಥಾಮಸ್ ಮತ್ತು ಮೇರಿಯ ಕವಲಿನವು. ಹಿರಿಯ ಡೇವಿಡ್ ಬಾಸ್ಟನ್ನಿಗೆ ಹೋಗಿ ವ್ಯಾಪಾರಿಯಾದ. ತಾಯಿಯ ಬಹಿಷ್ಕಾರವಾದ ಮರುವರ್ಷವೇ, 1646ರಲ್ಲಿ, ಚರ್ಚಿನ ಸದಸ್ಯರಲ್ಲದವರಿಗೂ ನಾಗರಿಕ ಹಕ್ಕು ಕೊಡಬೇಕೆಂದು ಡಾಕ್ಟರ್ ರಾಬರ್ಟ್ ಚೈಲ್ಡ್ ಮುಂತಾದ ಏಳು ಮಂದಿ ಮ್ಯಾಸಚೂಸೆಟ್ಸ್ ಸರ್ಕಾರಕ್ಕೆ ಸಲ್ಲಿಸಿದ ಮನವಿಗೆ ಸಹಿ ಹಾಕಿದವರಲ್ಲಿ ಅವನೂ ಒಬ್ಬ. ತಾಯಿಯ ಪ್ರಕರಣಕ್ಕೂ ಮಗನ ಸಹಿಗೂ ನಡುವೆ ನಾನು ಗೆರೆ ಎಳೆಯುತ್ತಿಲ್ಲ. ಆದರೆ ಗಂಡುಮಕ್ಕಳ ಸಾಲನ್ನು ಮಾತ್ರ ಬರೆದುಕೊಂಡವರಿಗೆ ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶವೇ ಸಿಗುವುದಿಲ್ಲ. ಮನವಿದಾರರಿಗೆ ಸಿಕ್ಕಿದ್ದು ದಂಡ. ಡೇವಿಡ್ ಮತ್ತು ಅರ್ಸುಲಾ ದಂಪತಿಗೆ 1649ರ ಏಪ್ರಿಲ್ 5ರಂದು ಬಾಸ್ಟನ್ನಿನಲ್ಲಿ ಹುಟ್ಟಿದ ಮಗ ಎಲಿಹು. ಅವನಿಗೆ ಮೂರು ವರ್ಷವಾದಾಗ ಸಂಸಾರ ಇಂಗ್ಲೆಂಡಿಗೆ ಮರಳಿತು. ಎಲಿಹು ಮತ್ತೆಂದೂ ಅಮೆರಿಕಕ್ಕೆ ಕಾಲಿಡಲಿಲ್ಲ.

ಇಲ್ಲಿಂದ ಮುಂದಿನದು ನಮ್ಮ ಕಡೆಯ ದಾಖಲೆ. ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನಾಗಿ 1672ರಲ್ಲಿ ಮದ್ರಾಸಿಗೆ ಬಂದ ಎಲಿಹು 1687ರಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆದ. ಅದೇ ವರ್ಷ ಮಡಿಕೇರಿಯಲ್ಲಿ, ಕೊಡಗನ್ನಾಳಿದ ಹಾಲೇರಿ ವಂಶದ ದೊಡ್ಡವೀರಪ್ಪ ಪಟ್ಟಕ್ಕೆ ಬಂದನೆಂದು ನಮ್ಮ ಚರಿತ್ರೆ ಹೇಳುತ್ತದೆ. ಕೋಟೆಯೊಳಗಿನ ಸೇಂಟ್ ಮೇರಿ ಚರ್ಚು 1680ರ ಅಕ್ಟೋಬರ್ 28ರಂದು ಪ್ರತಿಷ್ಠಾಪನೆಯಾಯಿತು; ಅದರ ಮದುವೆ ಪುಸ್ತಕದ ಮೊದಲನೆಯ ನಮೂದು ನವೆಂಬರ್ 4ರಂದು ನಡೆದ ಎಲಿಹು ಯೇಲ್ ಮತ್ತು ಕ್ಯಾಥರಿನ್ ಹಿನ್ಮರ್ಸ್ ಮದುವೆಯದು. ಕ್ಯಾಥರಿನ್ ಕೂಡ ಮಕ್ಕಳಿದ್ದ ವಿಧವೆ. ಕಂಪನಿಯ ಅಧಿಕಾರಿ ಜೋಸೆಫ್ ಹಿನ್ಮರ್ಸ್ ಅದೇ ವರ್ಷ ತೀರಿಕೊಂಡಿದ್ದ. ಅಜ್ಜಿ ವಿಧವೆಯಾಗಿ ಇನ್ನೊಂದು ಮನೆಗೆ ಹೋಗಿದ್ದರಿಂದ ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗ, ಮದ್ರಾಸಿನಲ್ಲಿ ಇನ್ನೊಬ್ಬ ವಿಧವೆಯ ಕೈಹಿಡಿದು ಅವಳ ಮೊದಲ ಗಂಡನ ಮಕ್ಕಳೂ ಇದ್ದ ಸಂಸಾರ ನಡೆಸಿದ.

ಅವರ ಒಬ್ಬನೇ ಮಗ ಡೇವಿಡ್ ಎಳೆಯ ವಯಸ್ಸಿನಲ್ಲಿ 1688ರಲ್ಲಿ ತೀರಿಕೊಂಡ. ತಾಯಿಯ ಮೊದಲ ಗಂಡ ಹಿನ್ಮರ್ಸ್‌ನ ಸಮಾಧಿಯಲ್ಲೇ ಅವನನ್ನೂ ಮಣ್ಣು ಮಾಡಿದರು. ಚೆನ್ನೈನ ಹಳೆಯ ಕಾನೂನು ಕಾಲೇಜಿನ ಆವರಣದಲ್ಲಿ ಇಂದಿಗೂ ನಿಂತಿರುವ ಎತ್ತರದ ಮೊನಚು ಗೋಪುರದ ಸಮಾಧಿ ಅದೇ. ಸುತ್ತಲಿದ್ದ ಇತರ ಸಮಾಧಿಗಳ ಕಲ್ಲುಗಳನ್ನು 1758-59ರ ಫ್ರೆಂಚ್ ಮುತ್ತಿಗೆಯ ನಂತರ ಕಿತ್ತು ಸೇಂಟ್ ಮೇರಿ ಚರ್ಚಿನ ಅಂಗಳಕ್ಕೆ ಸಾಗಿಸಿದರು, ಇದು ಮಾತ್ರ ತನ್ನ ಜಾಗದಲ್ಲೇ ಉಳಿಯಿತು. ಒಂದೇ ಕಲ್ಲಿನ ಕೆಳಗೆ ಬೇರೆ ಬೇರೆ ಹೆಸರಿನ ಇಬ್ಬರು ಮಲಗಿದ್ದಾರೆ. ಅವರನ್ನು ಸೇರಿಸಿದ ಕೊಂಡಿ ಕ್ಯಾಥರಿನ್, ತಂದೆಯಿಂದ ಮಗನಿಗೆ ಇಳಿಯುವ ಗೆರೆಯಿಂದ ಈ ಸಮಾಧಿಯ ಅರ್ಥವನ್ನು ವಿವರಿಸಲು ಆಗುವುದಿಲ್ಲ. ನೆರೆಮನೆಯ ಆ ಹಿರಿಯರಿಗೆ ಈ ಸಮಾಧಿಯ ಚಿತ್ರಗಳೊಂದಿಗೆ ಈ ವಿವರಣೆಯನ್ನೂ ಬರೆದು ಕಳುಹಿಸಿದೆ.

ಮದ್ರಾಸಿನ ದಾಖಲೆಯಲ್ಲಿ ಹೆಮ್ಮೆಪಡುವಂಥದ್ದು ಮಾತ್ರ ಇಲ್ಲ. ಯುರೋಪಿಗೆ ಹೊರಡುವ ಪ್ರತಿ ಹಡಗಿನಲ್ಲೂ ಕನಿಷ್ಠ ಹತ್ತು ಗುಲಾಮರನ್ನು ಕಳುಹಿಸಬೇಕೆಂಬ ಆದೇಶ ಹೊರಟ ಸಲಹಾ ಮಂಡಳಿಯಲ್ಲಿ ಎಲಿಹು ಕೂತಿದ್ದ. ಕಂಪನಿಯ ಹುದ್ದೆಯನ್ನು ಸ್ವಂತ ವ್ಯಾಪಾರಕ್ಕೆ ಬಳಸಿಕೊಂಡ ಆಪಾದನೆಯ ಮೇಲೆ 1692ರಲ್ಲಿ ಗವರ್ನರ್ ಪದವಿಯನ್ನು ಕಳೆದುಕೊಂಡ. ಇದನ್ನೂ ಮುಚ್ಚಿಡದೆ ಬರೆದು ಕಳುಹಿಸಿದ್ದೇನೆ. ಮೂಲಪುರುಷರ ಒಳ್ಳೆಯದನ್ನು ಮಾತ್ರ ಆರಿಸಿಕೊಂಡು ಹೇಳುವುದಾದರೆ ದಾಖಲೆ ಹುಡುಕುವ ಕಷ್ಟವೇ ಬೇಡ.

ಅಪಾರ ಹಣದೊಂದಿಗೆ 1699ರಲ್ಲಿ ಇಂಗ್ಲೆಂಡಿಗೆ ಮರಳಿದ ಎಲಿಹುವಿಗೆ ಉಳಿದಿದ್ದವರು ಕ್ಯಾಥರಿನ್, ಆನ್, ಅರ್ಸುಲಾ ಎಂಬ ಹೆಣ್ಣುಮಕ್ಕಳು. ಹೆಸರು ನಡೆಸಲು ಗಂಡು ದಿಕ್ಕಿಲ್ಲವೆಂಬ ಕೊರಗಿನಿಂದ ಅವನು ಮಾಡಿದ್ದೇನೆಂದರೆ, ತಾನೇ ತನ್ನ ಅಮೆರಿಕದ ಸಂಬಂಧಿಕರನ್ನು ಹುಡುಕಿಸಿದ್ದು. ಮ್ಯಾಸಚೂಸೆಟ್ಸ್ ವಸಾಹತಿನ ಪ್ರತಿನಿಧಿಯಾಗಿ ಲಂಡನ್ನಿನಲ್ಲಿದ್ದ ಜೆರೆಮಿಯಾ ಡಮ್ಮರ್ 1711ರಲ್ಲಿ ಬರೆದ ಪತ್ರದಲ್ಲಿ, ಮಗನಿಲ್ಲದ ಈ ಹಿಂದಿನ ಗವರ್ನರ್ ತನ್ನ ವಾರಸುದಾರನನ್ನಾಗಿ ಮಾಡಲು ಕನೆಕ್ಟಿಕಟ್‌ನಿಂದ ಒಬ್ಬ ಬಂಧುವನ್ನು ಕರೆಸುತ್ತಿದ್ದಾನೆ ಎಂದು ತಿಳಿಸಿದ. ಗಂಡುಸಂತಾನಕ್ಕಾಗಿ ನಡೆದ ಆ ಹುಡುಕಾಟದಿಂದಲೇ ಕನೆಕ್ಟಿಕಟ್‌ನವರಿಗೆ ಅವನ ಪರಿಚಯ ಗಟ್ಟಿಯಾಯಿತು. 1718ರಲ್ಲಿ ಪಾದ್ರಿ ಮ್ಯಾದರ್‌ನ ಪತ್ರ, ಡಮ್ಮರ್‌ನ ಒತ್ತಾಯಗಳ ಫಲವಾಗಿ ಎಲಿಹು ನ್ಯೂ ಹೇವನ್ನಿನ ಬಡ ಕಾಲೇಜಿಗೆ 417 ಪುಸ್ತಕಗಳು, ಒಂದನೆಯ ಜಾರ್ಜ್ ದೊರೆಯ ಒಂದು ಚಿತ್ರ ಮತ್ತು ಒಂಬತ್ತು ಗಂಟು ಸರಕನ್ನು ಕಳುಹಿಸಿದ. ಕ್ಯಾಲಿಕೊ, ಮಸ್ಲಿನ್ ಮುಂತಾದ ಬಟ್ಟೆಗಳಿದ್ದ ಆ ಸರಕನ್ನು ಮಾರಿ ಬಂದ 562 ಪೌಂಡಿನಿಂದ ಕಾಲೇಜಿನ ಕಟ್ಟಡ ಎದ್ದಿತು, ಅದಕ್ಕೆ ಯೇಲ್ ಎಂದು ಹೆಸರಿಟ್ಟರು. ಅಜ್ಜಿಗೆ ಪುಸ್ತಕ ಓದಿದ್ದರಿಂದ ಬಹಿಷ್ಕಾರ ಬಿದ್ದ ಊರಿಗೇ ಮೊಮ್ಮಗನ ಪುಸ್ತಕಗಳು ಬಂದವು. ಆ ವಿದ್ಯಾಲಯದ ಪದವಿ ತರಗತಿಗಳಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು ಮಾತ್ರ 1969ರಲ್ಲಿ.

ಎಲಿಹುವಿನ ಹೆಣ್ಣುಮಕ್ಕಳಲ್ಲಿ ಕ್ಯಾಥರಿನ್ ನಾರ್ತ್ ಮನೆತನಕ್ಕೂ, ಆನ್ ಕ್ಯಾವೆಂಡಿಶ್ ಮನೆತನಕ್ಕೂ ಸೊಸೆಯರಾಗಿ ಹೋದರು. ಯೇಲ್ ಹೆಸರಿನ ಜಾಡನ್ನು ಮಾತ್ರ ಹಿಡಿದವರ ಪಾಲಿಗೆ ಎಲಿಹುವಿನ ಕವಲು ಅಲ್ಲಿಗೆ ಮುಗಿಯುತ್ತದೆ.

ನಮ್ಮಲ್ಲೂ ಹೆಂಗಸರ ಗುರುತು ಸಿಗುವ ಜಾಗಗಳು ಹೀಗೆಯೇ ಬೇರೆಡೆ ಇರುತ್ತವೆ. ರಾಜರ ಅಪ್ಪಣೆಯಂತೆ ಸಿದ್ಧವಾದ, ಹಾಲೇರಿ ವಂಶದ ಚರಿತ್ರೆಯಾದ ರಾಜೇಂದ್ರನಾಮೆ 1633ರಿಂದ 1807ರವರೆಗಿನ ಕತೆ ಹೇಳುವಾಗ ಅರಸರನ್ನು ಅನುಸರಿಸುತ್ತದೆ. ಅದೇ ವಂಶದ ಕೊನೆಯ ಅರಸನ ಮಗಳು ಗೌರಮ್ಮನ ಬದುಕನ್ನು ತಿಳಿಯಬೇಕಾದರೆ 1852ರಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ನಡೆದ ಬ್ಯಾಪ್ಟಿಸಮ್‌ನಿಂದ ಶುರುಮಾಡಿ ಅಲ್ಲಿನ ಪತ್ರಗಳನ್ನು ಓದಬೇಕು. ನಮ್ಮ ಮದುವೆಯ ಸಂಬಂಧ ಅಡ್‌ಕುವ ಶಾಸ್ತ್ರದಲ್ಲಿ ಎರಡು ಒಕ್ಕಗಳ ಅರುವರು (ಒಕ್ಕದ ಪರವಾಗಿ ಮಾತಾಡುವವರು) ಎದುರುಬದುರು ನಿಂತು, ಸಣ್ಣ ಕಲ್ಲುಗಳನ್ನು ಕೈಯಿಂದ ಕೈಗೆ ಕೊಟ್ಟು, ಹೆಣ್ಣಿಗೆ ಹೊಸ ಮನೆಯಲ್ಲಿರುವ ಹಕ್ಕನ್ನು ಎಲ್ಲರ ಮುಂದೆ ಬಾಯಿಬಿಟ್ಟು ಹೇಳುತ್ತಾರೆ. ಅಷ್ಟು ಎಚ್ಚರದಿಂದ ಆಡಿದ ಮಾತು ವಂಶವೃಕ್ಷದ ಹಾಳೆಗೆ ಮಾತ್ರ ಇಳಿಯುವುದಿಲ್ಲ. ನಮ್ಮ ಒಕ್ಕದ ಪ್ರತಿಯಲ್ಲಿ ಸೊಸೆಯರು ಯಾವ ಒಕ್ಕದಿಂದ ಬಂದರು, ಹೆಣ್ಣುಮಕ್ಕಳನ್ನು ಯಾವ ಒಕ್ಕಕ್ಕೆ ಕೊಟ್ಟೆವು ಎಂಬುದನ್ನು ಹಳೆಯ ಮದುವೆ ಪತ್ರಿಕೆಗಳಿಂದಲೂ ಪತ್ರಗಳಿಂದಲೂ ವಯಸ್ಸಾದವರ ನೆನಪಿನಿಂದಲೂ ಸೇರಿಸುವ ಕೆಲಸವನ್ನು ನಾನೂ ನನ್ನ ಅಣ್ಣನೂ ಹಿಡಿದಿದ್ದೇವೆ.

ನ್ಯೂ ಹೇವನ್ನಿನ ಹಾಳೆಯನ್ನು ಅಣ್ಣನ ಮಗಳು ಹೊಸದಾಗಿ ಬರೆದು ಆ ಹಿರಿಯರಿಗೆ ಕೊಟ್ಟಿದ್ದಾಳೆ. ಈಗ ಅದರ ಮೇಲ್ತುದಿಯಲ್ಲಿ ಚೆಸ್ಟರಿನ ಬಿಷಪ್ಪನ ಮಗಳು, ಪ್ಲಾಸ್ ಗ್ರೋನೊದ ಥಾಮಸ್ ಯೇಲ್‌ನ ವಿಧವೆ, ನ್ಯೂ ಹೇವನ್ ಗವರ್ನರನ ಹೆಂಡತಿ ಆನ್ ಲಾಯ್ಡ್ ಎಂದಿದೆ. ಅದರ ಕೆಳಗೆ ಯೇಲ್ ಮಕ್ಕಳ ಕವಲಿನ ಪಕ್ಕದಲ್ಲೇ ಈಟನ್ ಮಕ್ಕಳ ಕವಲೂ ಇದೆ. ಮಗಳು ಆನ್ ಹಾಪ್ಕಿನ್ಸ್‌ಳ ಹೆಸರಿನ ಮುಂದೆ 'ಲೇಖಕಿ' ಎಂದು ಬರೆಯಬೇಕೆಂದು ಆ ಹಿರಿಯರೇ ಹೇಳಿದರಂತೆ.